ತೋಳಿನ ಫ್ರಿಲ್ಲೂ ತಿಳಿಸಾರೂ

ಮೊನ್ನೆ ಭಾನುವಾರ ಮದುವೆ ಊಟದಲ್ಲಿ ನನಗಿಂತ ಮೊದಲು ಸಾರಿನ ರುಚಿ ನೋಡಿದ್ದು ನನ್ನ ರವಿಕೆಯ ತೋಳು. ಎಲೆಯ ಆ ತುದಿಯಲ್ಲಿದ್ದ ಕೋಸಂಬರಿಗೆ ಕೈ ಚಾಚಿದೆ, ಅಷ್ಟೇ. ಮುಕ್ಕಾಲು ತೋಳಿನ ಅಂಚಿನಲ್ಲಿ ಮೂರಂಗುಲ ಇಳಿಬಿದ್ದಿದ್ದ ಫ್ರಿಲ್ಲು ಅನ್ನದ ಗುಡ್ಡ ಹತ್ತಿ ನಡುವಿನ ಹೊಂಡಕ್ಕೆ ಇಳಿಯಿತು. ಸಾದಾ ತೋಳಾಗಿದ್ದರೆ ಒಂದು ಚುಕ್ಕೆಯಲ್ಲಿ ಮುಗಿಯುತ್ತಿತ್ತು. ಇದು ಒತ್ತೊತ್ತಾಗಿ ಮಡಚಿದ ನೆರಿಗೆ. ಎಲ್ಲಿ ಮುಟ್ಟಿದರೂ ಮೂರು ಪದರ. ಬಡಿಸುವವರು ಇನ್ನೊಂದು ಸೌಟು ತರುವಷ್ಟರಲ್ಲಿ ಹೊಂಡ ಒಣಗಿತ್ತು.

ಈ ಫ್ರಿಲ್ಲನ್ನು ನಾನು ಕೇಳಿರಲಿಲ್ಲ. ಲೋಕದ ಟೈಲರುಗಳೆಲ್ಲ ‘ಬಟ್ಟೆ ಸಾಲಲಿಲ್ಲ ಮೇಡಂ’ ಎನ್ನುತ್ತಾರೆ. ನಮ್ಮ ಬೀದಿಯ ಟೈಲರಕ್ಕನಿಗೆ ಮಾತ್ರ ಯಾವಾಗಲೂ ಬಟ್ಟೆ ಉಳಿಯುತ್ತದೆ. “ನೀವು ಸಣ್ಣಗಿದ್ದೀರಲ್ಲ, ಒಂದು ಮೀಟರಿನಲ್ಲಿ ಮಿಕ್ಕಿತು. ಸುಮ್ಮನೆ ಹಾಳಾಗಬಾರದೆಂದು ತೋಳಿಗೆ ಫ್ರಿಲ್ ಕೊಟ್ಟೆ” ಎಂದರು. ಸಣ್ಣಗಿದ್ದೀರಿ ಎಂಬಲ್ಲಿಗೇ ನನ್ನ ಕಿವಿ ತುಂಬಿತ್ತು. ಮುಂದಿನದು ಕೇಳಿಸದೆ ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಬಂದೆ. ಮನೆಯಲ್ಲಿ ಲೆಕ್ಕ ಹಾಕಿದೆ: ತೋಳಿನ ಸುತ್ತಳತೆ 9 ಅಂಗುಲ, ಒತ್ತು ನೆರಿಗೆಗೆ ಬೇಕಾದ್ದು ಅದರ ಮೂರರಷ್ಟು, ಅಂದರೆ 27 ಅಂಗುಲ ಪಟ್ಟಿ. ಎರಡು ತೋಳಿಗೆ 54. ಇಷ್ಟು ಮಿಕ್ಕಿದ್ದು ನಾನು ಸಣ್ಣಗಿರುವುದರಿಂದಲೋ, ರವಿಕೆಯನ್ನೇ ಬಿಗಿಯಾಗಿ ಹೊಲಿದಿರುವುದರಿಂದಲೋ? ಹಾಕಿಕೊಂಡ ಮೇಲೆ ಉತ್ತರ ಸಿಕ್ಕಿತು.

ಅಂಚು ಬರಿದಾಗಿರುವುದನ್ನು ನೋಡಲು ಟೈಲರಕ್ಕನಿಂದ ಆಗುವುದಿಲ್ಲ. ಅವರ ಹೊಲಿಗೆ ಯಂತ್ರದ ಹೊದಿಕೆಗೆ ಫ್ರಿಲ್, ಕೂರುವ ದಿಂಬಿಗೆ ಫ್ರಿಲ್, ಕತ್ತರಿ ಇಡುವ ಚೀಲಕ್ಕೂ ಫ್ರಿಲ್. ಹರಿದಿದ್ದ ಮಿಕ್ಸಿ ಕವರನ್ನು ಹೊಲಿಯಲು ಕೊಟ್ಟೆ, ಲಂಗ ತೊಟ್ಟು ಬಂತು. ದಿಂಬಿನ ಕವರು ಹೊಲಿಸಿದೆ. ಬೆಳಿಗ್ಗೆ ಯಜಮಾನರ ಕೆನ್ನೆಯ ಮೇಲೆ ರೈಲು ಹಳಿ. ಕೊನೆಗೆ ತರಕಾರಿ ಚೀಲ ಕೊಟ್ಟೆ, ಇದಕ್ಕೇನು ಮಾಡಿಯಾರು ಎಂಬ ಧೈರ್ಯದಿಂದ. ಚೀಲದ ಬಾಯಿಗೇ ಎರಡು ಸಾಲು! ತರಕಾರಿಯವನು ಅರ್ಧ ಕಿಲೋ ಹುರುಳಿಕಾಯಿ ಸುರಿದರೆ ಕಾಲು ಕಿಲೋ ನೆರಿಗೆಯಲ್ಲಿ ಸಿಕ್ಕಿಕೊಂಡು ತೂಗಾಡುತ್ತಿತ್ತು. “ಬ್ಯಾಗಿಗೆ ಹೊಸ ಬಟ್ಟೆಯೇ ಅಮ್ಮಾ?” ಎಂದು ಕೇಳಿದ. ನಾನು ಕೊತ್ತಂಬರಿ ಸೊಪ್ಪನ್ನು ಬಹಳ ಗಮನವಿಟ್ಟು ನೋಡತೊಡಗಿದೆ.

ಇಸ್ತ್ರಿಯ ಕಥೆ ಬೇರೆ. ಪಾಲಿಯೆಸ್ಟರಿಗೆ ಶಾಖ ಕೊಟ್ಟು ಕೂರಿಸಿದ ನೆರಿಗೆ ಒಗೆದರೂ ನಿಲ್ಲುತ್ತದೆ. ನನ್ನದು ಹತ್ತಿ, ನೀರು ಕಂಡದ್ದೇ ತಡ, ಮುಖ ಊದಿಸಿಕೊಳ್ಳುತ್ತದೆ. ಇಸ್ತ್ರಿಯವರು ಅದನ್ನು ಎತ್ತಿ ತಿರುಗಿಸಿ ನೋಡಿ, ಒಂದೂ ಮಾತಾಡದೆ ಎರಡು ಬಟ್ಟೆಯೆಂದು ಬರೆದುಕೊಂಡರು.

ಫ್ರಿಲ್ಲಿನ ಮೇಲೆ ನನಗೆ ಹುಟ್ಟಿನಿಂದ ದ್ವೇಷವೇನಿಲ್ಲ. ಫ್ರಾಕು ಗಿಡ್ಡವಾದಾಗಲೆಲ್ಲ ಅಮ್ಮ ತನ್ನ ಹಳೆಯ ಸೀರೆಯಿಂದ ಒಂದು ಪಟ್ಟಿ ಹರಿದು, ಕೈಯಲ್ಲೇ ಓಡುಹೊಲಿಗೆ ಹಾಕಿ, ದಾರದ ತುದಿ ಹಿಡಿದು ಮೆಲ್ಲನೆ ಎಳೆಯುತ್ತಿದ್ದಳು. ಬಟ್ಟೆ ಸುಕ್ಕುಸುಕ್ಕಾಗಿ ಒತ್ತಿಕೊಂಡು ಬರುತ್ತಿತ್ತು; ಉಗುರಿನಿಂದ ಒಂದೊಂದೇ ಸುಕ್ಕನ್ನು ಸರಿಸಿ ಸಮ ಮಾಡುತ್ತಿದ್ದಳು. ಕೆಲವೊಮ್ಮೆ ಫಟ್ಟೆಂದು ದಾರ ಹರಿದು ಅಷ್ಟೂ ಬಿಚ್ಚಿಹೋಗುತ್ತಿತ್ತು. ಮತ್ತೆ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು. ಐದನೇ ತರಗತಿಗೆ ಬರುವಷ್ಟರಲ್ಲಿ ಆ ಫ್ರಾಕಿಗೆ ಮೂರು ಬಣ್ಣದ ಮೂರು ಸಾಲು. ನನಗೆ ನಾಚಿಕೆ, ಪಕ್ಕದ ಮನೆಯ ಹುಡುಗಿಗೆ ಅಂಥದ್ದೇ ಬೇಕೆಂಬ ಹಟ.

ಸೋಮವಾರ ರವಿಕೆ ಹಿಡಿದು ಟೈಲರಕ್ಕನ ಬಳಿ ಹೋದೆ. ಸಾರಿನ ಕಲೆ ನೋಡಿ “ಅಯ್ಯೋ, ಪಾಪ!” ಎಂದರು. ಪಾಪ ಎಂದದ್ದು ಫ್ರಿಲ್ಲಿಗೆ. ಮನಸ್ಸಿಲ್ಲದ ಮನಸ್ಸಿನಿಂದ ಬ್ಲೇಡು ಹಾಕಿ ಬಿಚ್ಚಿದರು, ಅದಕ್ಕೂ ಐವತ್ತು ರೂಪಾಯಿ ಆಯಿತು.

ನಿನ್ನೆ ಆ ಕಡೆ ಹೋಗುವಾಗ ಕಣ್ಣು ಒಳಗೆ ಹೊರಳಿತು. ಹೊಲಿಗೆ ಯಂತ್ರದ ಹೊದಿಕೆಗೆ ಎರಡನೆಯ ಸಾಲು ಬಂದಿದೆ, ಗಿಳಿಹಸಿರು. ಕಲೆ ಹುಡುಕಿದೆ. ನೆರಿಗೆಯ ಒಳಮಡಿಕೆಗೆ ಸೇರಿಸಿಬಿಟ್ಟಿದ್ದಾರೆ, ಎಷ್ಟು ನೋಡಿದರೂ ಕಾಣಲಿಲ್ಲ.