ನಮ್ಮವರಿಗೆ ಮಾತ್ರ

ಐದನೇ ದರ್ಜೆಯ ಫುಟ್ಬಾಲ್ ಮ್ಯಾಚಿಗೂ ಪೊಲೀಸರು ಬರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಐದನೇ ದರ್ಜೆ ಅಂದರೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯ ಬುಂಡೆಸ್‌ಲೀಗಾ ಊರಲ್ಲೂ ಟೀವಿಯಲ್ಲಿ ಬರುತ್ತದೆ, ಅದು ತುದಿಯ ಮೆಟ್ಟಿಲು. ಅದರ ಕೆಳಗೆ ಎರಡನೆಯದು, ಮೂರನೆಯದು, ಆಮೇಲೆ ರೀಜನಾಲ್‌ಲೀಗಾ, ಆಮೇಲೆ ಒಬರ್‌ಲೀಗಾ. ಅಲ್ಲಿಗೆ ಐದು. ಬರ್ಲಿನ್ನಿನಲ್ಲಿ ಅದು ಹನ್ನೊಂದನೇ ಮೆಟ್ಟಿಲವರೆಗೂ ಇಳಿಯುತ್ತದೆ. ಆ ಕಟ್ಟಕಡೆಯ ಮೆಟ್ಟಿಲಲ್ಲಿ ಹೊಟ್ಟೆ ಬಂದ ಅಂಕಲ್‌ಗಳು ಆಡುತ್ತಾರೆ, ಗೋಲ್ ಹೊಡೆದವರ ಹೆಸರು ಮಾತ್ರ ತಪ್ಪದೆ ಇಂಟರ್ನೆಟ್ಟಿನಲ್ಲಿ ದಾಖಲಾಗುತ್ತದೆ. ಎಲ್ಲವೂ ಒಂದೇ ಏಣಿ. ಗೆಲ್ಲುತ್ತಾ ಹೋದರೆ ಹತ್ತುತ್ತೀರಿ, ಸೋತರೆ ಇಳಿಯುತ್ತೀರಿ.

ಮೆಸ್ಸೆ ಸೂಡ್ ಅಂತ ಒಂದು ಸ್ಟೇಷನ್ ಇದೆ, ಅಲ್ಲಿ ಇಳಿದು ಮರಗಳ ನಡುವೆ ಸ್ವಲ್ಪ ನಡೆದರೆ ಯೂಲಿಯುಸ್ ಹಿರ್ಶ್ ಹೆಸರಿನ ಮೈದಾನ. ಮಕಾಬಿ ಬರ್ಲಿನ್ ಕ್ಲಬ್ಬಿನ ತವರು ಅದು. ಯಹೂದಿಗಳ ಕ್ಲಬ್ಬು. ಆಫೀಸಿನ ಗೆಳೆಯನೊಬ್ಬ ಕರೆದ ಅಂತ ಒಂದು ಭಾನುವಾರ ಸುಮ್ನೆ ಹೋಗಿದ್ದೆ. ಗೇಟಿನ ಹತ್ತಿರ ಪೊಲೀಸ್ ವ್ಯಾನು, ಇಬ್ಬರು ಪೊಲೀಸರು. ಬ್ಯಾಗ್ ಬಿಚ್ಚಿ ತೋರಿಸಬೇಕಾಯಿತು. ನನ್ನ ಬ್ಯಾಗಿನಲ್ಲಿ ಅಮ್ಮ ಕಳಿಸಿದ್ದ ಚಕ್ಕುಲಿ ಡಬ್ಬ. ಪೊಲೀಸಮ್ಮ ಮುಚ್ಚಳ ತೆಗೆದು ನೋಡಿ, ನಕ್ಕು, ಮುಚ್ಚಿ ಕೊಟ್ಟಳು. ಒಳಗೆ ನೋಡಿದರೆ ನೂರು ಜನ ಇದ್ದರೆ ಹೆಚ್ಚು. ಒಬ್ಬ ಅಜ್ಜ ಮಡಚುವ ಕುರ್ಚಿ ತಂದು ಕೂತಿದ್ದ, ಇಬ್ಬರು ಮಕ್ಕಳು ಜಾಹೀರಾತಿನ ಬೋರ್ಡಿಗೆ ಚೆಂಡು ಒದೆಯುತ್ತಾ ಬೈಸಿಕೊಳ್ಳುತ್ತಿದ್ದರು. ಇಷ್ಟಕ್ಕೆ ಪೊಲೀಸಾ?

ಸಂಜೆ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಪೊಲೀಸ್ ನಿಲ್ಲುವ ಮ್ಯಾಚಿಗೆ ನೀನು ಯಾಕೆ ಹೋಗ್ತೀ ಮಗಾ?" ಅಂದಳು. ಚಕ್ಕುಲಿ ಒಡೆಯದೆ ತಲುಪಿತಾ ಅಂತಲೂ ಕೇಳಿದಳು.

ಆಮೇಲೆ ಆ ಕ್ಲಬ್ಬಿನ ಕತೆ ಹುಡುಕುತ್ತಾ ಹೋದೆ, ಹುಡುಕಿದಷ್ಟೂ ನಮ್ಮೂರಿನ ಕ್ರಿಕೆಟ್ ಬ್ಯಾನರ್ ಒಂದು ಕಣ್ಣ ಮುಂದೆ ಬರತೊಡಗಿತು. ಆ ಬ್ಯಾನರಿನ ಸುದ್ದಿ ಆಮೇಲೆ.

1898ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜಿಯೋನಿಸ್ಟರ, ಅಂದರೆ ಯಹೂದಿಗಳಿಗೆ ತಮ್ಮದೇ ನಾಡು ಬೇಕು ಅನ್ನುತ್ತಿದ್ದವರ, ಎರಡನೇ ಸಮ್ಮೇಳನ ನಡೆಯಿತು. ಅಲ್ಲಿ ಮಾಕ್ಸ್ ನೋರ್ಡಾವ್ ಅನ್ನುವ ಡಾಕ್ಟರು ಯಹೂದಿಗಳು ಮೈ ಬೆಳೆಸಬೇಕು, ನಮಗೆ ಸ್ನಾಯುಬಲದ ಯಹೂದಿಗಳು ಬೇಕು ಅಂತ ಭಾಷಣ ಮಾಡಿದರು. ಅದೇ ವರ್ಷ ಬರ್ಲಿನ್ನಿನಲ್ಲಿ ಬಾರ್ ಕೊಖ್ಬಾ ಅಂತ ವ್ಯಾಯಾಮದ ಕ್ಲಬ್ಬು ಶುರುವಾಯಿತು. ರೋಮನ್ನರ ವಿರುದ್ಧ ದಂಗೆ ಎದ್ದವನ ಹೆಸರು ಅದು. ನಮ್ಮ ಗರಡಿಮನೆಗಳಿಗೆ ಹನುಮಂತನ ಹೆಸರು ಇಟ್ಟ ಹಾಗೆ ಅಂದುಕೊಳ್ಳಿ. 1909ರಲ್ಲಿ ವಿಯೆನ್ನಾದಲ್ಲಿ ಹಕೋವಾ ಹುಟ್ಟಿತು. ಹೀಬ್ರೂದಲ್ಲಿ ಹಾಗಂದರೆ ಶಕ್ತಿ. ಆಸ್ಟ್ರಿಯಾದ ಎಷ್ಟೋ ಕ್ಲಬ್ಬುಗಳ ನಿಯಮದಲ್ಲೇ 'ಆರ್ಯರಿಗೆ ಮಾತ್ರ' ಅಂತ ಒಂದು ಕಲಮು ಇತ್ತು. ಈಜಬೇಕು ಅಂದರೆ ಯಹೂದಿ ಹುಡುಗಿಗೆ ಕ್ಲಬ್ಬು ಸಿಗುವುದೇ ಕಷ್ಟ ಇದ್ದ ಕಾಲ.

ಹಕೋವಾದ ಫುಟ್ಬಾಲ್ ಕತೆ ಮಾತ್ರ ಸಿನಿಮಾ ತರಹ ಇದೆ. 1923ರಲ್ಲಿ ಲಂಡನ್ನಿಗೆ ಹೋಗಿ ವೆಸ್ಟ್ ಹ್ಯಾಮ್ ತಂಡವನ್ನು 5-0ಯಿಂದ ಹೊಡೆದು ಬಂದರು. 1925ರಲ್ಲಿ ಆಸ್ಟ್ರಿಯಾದ ಚಾಂಪಿಯನ್ ಆಗಲು ಒಂದು ಗೆಲುವು ಬೇಕಿತ್ತು. ಆ ಮ್ಯಾಚಿನಲ್ಲಿ ಗೋಲ್‌ಕೀಪರ್ ಅಲೆಕ್ಸಾಂಡರ್ ಫಾಬಿಯನ್ ಕೈ ಮುರಿದುಕೊಂಡ. ಆಗೆಲ್ಲ ಬದಲಿ ಆಟಗಾರ ಅನ್ನುವ ಪದ್ಧತಿ ಇರಲಿಲ್ಲ. ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಮತ್ತೆ ಮೈದಾನಕ್ಕೆ ಬಂದ. ಗೋಲು ಕಾಯಲು ಬೇರೆಯವನನ್ನು ನಿಲ್ಲಿಸಿ ಇವನು ಮುಂದೆ ಹೋಗಿ ನಿಂತ. ಗೆಲುವಿನ ಗೋಲ್ ಹೊಡೆದವನು ಅವನೇ. ಮರುವರ್ಷ ತಂಡ ಅಮೆರಿಕಕ್ಕೆ ಹೋಯಿತು, ನ್ಯೂಯಾರ್ಕಿನಲ್ಲಿ ಒಂದೇ ಮ್ಯಾಚಿಗೆ 46,000 ಜನ ಸೇರಿದ್ದರು. ಅದನ್ನೆಲ್ಲ ನೋಡಿ ಹಲವು ಆಟಗಾರರು ಮುಂದೆ ಅಲ್ಲೇ ಉಳಿದುಬಿಟ್ಟರು. ಅದರಿಂದ ವಿಯೆನ್ನಾದ ತಂಡ ಸೊರಗಿತು ನಿಜ, ಆದರೆ ಮುಂದೆ ಆದದ್ದನ್ನು ನೆನೆದರೆ ಅಮೆರಿಕದಲ್ಲಿ ಉಳಿದವರೇ ಬಚಾವಾದರು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದ ಕೂಡಲೇ ಕ್ಲಬ್ಬನ್ನು ಮುಚ್ಚಿಸಿದರು. ಆ ಸೀಸನ್ನಿನಲ್ಲಿ ಅವರು ಆಡಿದ ಮ್ಯಾಚುಗಳ ಫಲಿತಾಂಶವನ್ನೂ ಅಳಿಸಿಹಾಕಿದರು. ಗೆದ್ದದ್ದೂ ಇಲ್ಲ, ಸೋತದ್ದೂ ಇಲ್ಲ, ಆಡಲೇ ಇಲ್ಲ ಅನ್ನುವ ಲೆಕ್ಕ.

ನನಗೆ ಜಾಸ್ತಿ ತಟ್ಟಿದ್ದು ಮಾತ್ರ ಆ ಮೈದಾನದ ಹೆಸರಿನವನ ಕತೆ, ಯಾಕೆಂದರೆ ಯೂಲಿಯುಸ್ ಹಿರ್ಶ್ ಯಹೂದಿ ಕ್ಲಬ್ಬಿನಲ್ಲಿ ಬೆಳೆದವನೇ ಅಲ್ಲ. ಜರ್ಮನಿಯಲ್ಲಿ ಯಹೂದಿಗಳು ಹೆಚ್ಚಿನವರು ಹಾಗೇ, ಊರಿನ ಕ್ಲಬ್ಬಿನಲ್ಲಿ ಎಲ್ಲರ ಜೊತೆ ಆಡುತ್ತಿದ್ದವರು. ಬಾರ್ ಕೊಖ್ಬಾದಂಥ ಕ್ಲಬ್ಬುಗಳಿಗೆ ಹೋಗುತ್ತಿದ್ದವರು ಸ್ವಲ್ಪವೇ ಜನ. 'ನಮಗೇ ಬೇರೆ ಕ್ಲಬ್ಬು ಯಾಕೆ' ಅನ್ನುವುದೇ ಹಲವರ ಪ್ರಶ್ನೆ. ಹಿರ್ಶ್ 1902ರಿಂದ ಕಾರ್ಲ್ಸ್‌ರೂಹ ಫುಟ್ಬಾಲ್ ಕ್ಲಬ್ಬಿನ ಸದಸ್ಯ. ಅಲ್ಲಿ 1910ರಲ್ಲಿ, ಆಮೇಲೆ 1914ರಲ್ಲಿ ಫ್ಯೂರ್ತ್ ಊರಿನ ತಂಡದಲ್ಲಿ, ಎರಡು ಸಲ ಜರ್ಮನ್ ಚಾಂಪಿಯನ್. ದೇಶಕ್ಕಾಗಿ ಏಳು ಮ್ಯಾಚ್ ಆಡಿದ. 1912ರಲ್ಲಿ ನೆದರ್‌ಲೆಂಡ್ಸ್ ಎದುರು 5-5 ಸಮ ಆದ ಮ್ಯಾಚಿನಲ್ಲಿ ನಾಲ್ಕು ಗೋಲು ಅವನದ್ದೇ. ಆಮೇಲೆ ಮೊದಲ ಮಹಾಯುದ್ಧದಲ್ಲಿ ನಾಲ್ಕು ವರ್ಷ ಸೈನಿಕ, ಶೌರ್ಯಪದಕವೂ ಬಂತು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಅದೇ ಯುದ್ಧದಲ್ಲಿ ಸತ್ತ.

1933ರ ಏಪ್ರಿಲ್‌ನಲ್ಲಿ ದಕ್ಷಿಣ ಜರ್ಮನಿಯ ದೊಡ್ಡ ದೊಡ್ಡ ಕ್ಲಬ್ಬುಗಳು ಸೇರಿ ಒಂದು ಹೇಳಿಕೆ ಕೊಟ್ಟವು. ಕ್ಲಬ್ಬಿನಿಂದ ಯಹೂದಿಗಳನ್ನು ತೆಗೆಯುವ ಕೆಲಸದಲ್ಲಿ ನಾವು ಹೊಸ ಸರಕಾರದ ಜೊತೆಗಿದ್ದೇವೆ ಅನ್ನುವ ಅರ್ಥದ್ದು. ಹಿಟ್ಲರ್ ಬಂದು ಮೂರು ತಿಂಗಳೂ ಆಗಿರಲಿಲ್ಲ. ಹೀಗೆ ಬರೆದುಕೊಡಿ ಅಂತ ಕಾನೂನು ಏನೂ ಆಗಿರಲಿಲ್ಲ, ಇವರೇ ಮುಂದೆ ಬಂದು ಬರೆದರು. ಹಿರ್ಶ್ ಅದನ್ನು ಪೇಪರಿನಲ್ಲಿ ಓದಿದ. ಅವನ ಕ್ಲಬ್ಬಿನ ಹೆಸರೂ ಆ ಪಟ್ಟಿಯಲ್ಲಿತ್ತು. ಯಾರೂ ಅವನನ್ನು ಹೊರಗೆ ಹಾಕುವ ಮೊದಲು ಅವನೇ ಪತ್ರ ಬರೆದು ಕ್ಲಬ್ ಬಿಟ್ಟ. ಆಮೇಲೆ ಕಾರ್ಲ್ಸ್‌ರೂಹದ ಯಹೂದಿ ಕ್ಲಬ್ಬಿಗೆ ಸೇರಿದ. 'ನಮಗೇ ಬೇರೆ ಕ್ಲಬ್ಬು ಯಾಕೆ' ಅಂದಿದ್ದವರೆಲ್ಲ ಹೀಗೇ ಬಂದು ಸೇರಿದರು. ಕೆಲವು ವರ್ಷ ಜರ್ಮನಿಯಲ್ಲಿ ಯಹೂದಿಗಳದ್ದೇ ಬೇರೆ ಲೀಗು ನಡೆಯಿತು. 1938ರ ನವೆಂಬರ್‌ನಲ್ಲಿ ದೇಶದ ತುಂಬ ಯಹೂದಿಗಳ ಮೇಲೆ ದಾಳಿ ಆದ ಮೇಲೆ ಅದೂ ಇಲ್ಲ. 1943ರ ಮಾರ್ಚ್ 1ರಂದು ಹಿರ್ಶ್‌ನನ್ನು ನಾಜಿಗಳು ಯಹೂದಿಗಳನ್ನು ಕೊಲ್ಲುತ್ತಿದ್ದ ಔಶ್ವಿಟ್ಸ್ ಶಿಬಿರಕ್ಕೆ ಸಾಗಿಸಿದರು.

ಈಗ ಆ ಬ್ಯಾನರಿಗೆ ಬರುತ್ತೇನೆ. ನಮ್ಮದು ಕರಾವಳಿ. ನವೆಂಬರಿಂದ ಮೇ ತನಕ ಒಂದಲ್ಲ ಒಂದು ಗದ್ದೆಯಲ್ಲಿ ಕ್ರಿಕೆಟ್ ಪಂದ್ಯಾಟ ಇದ್ದೇ ಇರುತ್ತದೆ. ಬ್ಯಾನರಿನಲ್ಲಿ ಪ್ರಥಮ ಬಹುಮಾನ ಇಷ್ಟು ಸಾವಿರ ಮತ್ತು ಶಾಶ್ವತ ಫಲಕ, ದ್ವಿತೀಯ ಇಷ್ಟು, ಬೆಸ್ಟ್ ಬ್ಯಾಟ್ಸ್‌ಮನ್‌ಗೆ ಒಂದು ಮಿಕ್ಸಿ, ಕೆಳಗೆ ದಾನಿಗಳ ಫೋಟೋ. ಅದರ ಮೇಲೆ ಒಂದು ಸಾಲು: 'ಸಮಾಜ ಬಾಂಧವರಿಗಾಗಿ.' ಸಮಾಜ ಅಂದರೆ ಇಡೀ ಸಮಾಜ ಅಲ್ಲ, ಜಾತಿ. ಪ್ರತಿ ಜಾತಿಗೂ ಒಂದೊಂದು ಪಂದ್ಯಾಟ. ಮುಂಬೈಗೆ ಹೋದವರು ಅಲ್ಲೂ ಮಾಡುತ್ತಾರೆ, ದುಬೈಗೆ ಹೋದವರು ಅಲ್ಲೂ.

ನಾನು ಹತ್ತನೇ ಕ್ಲಾಸು ಮುಗಿಸಿದ ವರ್ಷ ನಮ್ಮ ಕೇರಿಯ ಟೀಮು ಅಂಥದ್ದೊಂದಕ್ಕೆ ಹೆಸರು ಕೊಟ್ಟಿತು. ನಮ್ಮ ವಿಕೆಟ್ ಕೀಪರ್ ಬೇರೆ ಜಾತಿಯವನು. ಐದು ವರ್ಷದಿಂದ ನಮ್ಮ ಜೊತೆಗೇ ಆಡಿದವನು, ಗ್ಲೌಸ್ ಕೂಡ ಅವನದ್ದೇ. ಟೇಬಲ್ ಹತ್ತಿರ ಕೂತಿದ್ದ ದೊಡ್ಡವರೊಬ್ಬರು ಪಟ್ಟಿಯ ಹೆಸರುಗಳ ಮೇಲೆ ಪೆನ್ನು ಓಡಿಸುತ್ತಾ ಬಂದು ಅವನ ಹೆಸರಿನ ಹತ್ತಿರ ನಿಲ್ಲಿಸಿದರು. ಬೈಯಲಿಲ್ಲ, ಜಗಳ ಆಡಲಿಲ್ಲ. "ಇವನನ್ನು ಮುಂದಿನ ವಾರದ ಓಪನ್ ಪಂದ್ಯಾಟಕ್ಕೆ ಹಾಕಿ ಮಾರಾಯ್ರೆ, ಇದು ನಮ್ಮವರಿಗೆ ಮಾತ್ರ ಅಲ್ವಾ" ಅಂದರು. ಗ್ಲೌಸ್ ನಮ್ಮ ಹತ್ತಿರ ಕೊಟ್ಟು ಅವನು ಬದಿಯಲ್ಲಿ ಕೂತು ಸ್ಕೋರ್ ಬರೆದ. ನಾವು ಆಡಿದೆವು. ಅದೇ ನನಗೆ ಈಗ ಕಷ್ಟ ಆಗುವುದು. ನಾವು ಆಡಿದೆವು.

ಅವರವರ ಕ್ಲಬ್ಬು ಅವರವರು ಮಾಡಿಕೊಂಡರೆ ಏನು ತಪ್ಪು ಅಂತ ಕೇಳುವವರಿದ್ದಾರೆ, ಯಹೂದಿಗಳೂ ಅದನ್ನೇ ಮಾಡಿದ್ದಲ್ವಾ ಅಂತ. ಮೇಲಿಂದ ನೋಡಿದರೆ ಹೌದು. ನಮ್ಮಲ್ಲಿ ಸಮುದಾಯದ ತಂಡಗಳು ಹೊಸದೇನೂ ಅಲ್ಲ. ಮುಂಬೈಯಲ್ಲಿ ಹಿಂದೂ, ಪಾರ್ಸಿ, ಮುಸ್ಲಿಂ, ಯುರೋಪಿಯನ್ ಅಂತ ತಂಡ ಮಾಡಿ ಕ್ರಿಕೆಟ್ ಆಡಿಸುತ್ತಿದ್ದರು, 1946ರಲ್ಲಿ ಅದು ನಿಂತಿತು. ನಮ್ಮ ಬೆಂಗಳೂರಿನದ್ದೇ 'ಬೆಂಗಳೂರು ಮುಸ್ಲಿಮ್ಸ್' ಅನ್ನುವ ಫುಟ್ಬಾಲ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಆ ಕಪ್ಪು ಬ್ರಿಟಿಷ್ ಸೇನೆಯ ತಂಡಗಳ ಕೈಯಲ್ಲೇ ಇರುತ್ತಿತ್ತು. ಮರುವರ್ಷ ಮತ್ತೆ ಗೆದ್ದರು. ಕೊಡಗಿನ ಕೌಟುಂಬಿಕ ಹಾಕಿಯಂತೂ ಎಲ್ಲರಿಗೂ ಗೊತ್ತು. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳಿಂದ ಶುರುವಾದದ್ದು ಈಗ 300 ದಾಟಿದೆ. ಅಜ್ಜಿ ಮೊಮ್ಮಗ ಇಬ್ಬರೂ ಕೋಲು ಹಿಡಿಯುವ ಆಟ ಅದು, ಮನೆಯ ಹಬ್ಬ ಇದ್ದ ಹಾಗೆ, ಅದರ ಮೇಲೆ ನನಗೆ ತಕರಾರಿಲ್ಲ.

ಆದರೆ ನನ್ನ ಪ್ರಶ್ನೆ ಇಷ್ಟೇ: ಬಾಗಿಲು ಹಾಕಿದವರು ಯಾರು? ಬೇರೆಯವರು ಬಾಗಿಲು ಮುಚ್ಚಿದ್ದಕ್ಕೆ ಹಕೋವಾದವರು ತಮ್ಮದೊಂದು ಮನೆ ಕಟ್ಟಿಕೊಂಡರು. ನಮ್ಮ ಗದ್ದೆಯಲ್ಲಿ ಬಾಗಿಲು ಹಾಕಿದವರು ನಾವೇ, ಒಳಗೆ ಕೂತವರೂ ನಾವೇ. ನಮಗೆ ಯಾವ ಗದ್ದೆಯಲ್ಲೂ ಯಾರೂ ಬೇಡ ಅಂದಿರಲಿಲ್ಲ. ಎರಡಕ್ಕೂ 'ಸಮುದಾಯದ ಕ್ಲಬ್ಬು' ಅಂತ ಒಂದೇ ಹೆಸರು ಕೊಟ್ಟರೆ ಹೇಗೆ?

ಇನ್ನೊಂದು ವಿಷಯ ನನಗೆ ಮೊದಲು ಅರ್ಥವೇ ಆಗಿರಲಿಲ್ಲ. ಆ ಭಾನುವಾರ ಮಕಾಬಿ ಆಟಗಾರರನ್ನು ನೋಡಿ ಗೆಳೆಯನನ್ನು ಕೇಳಿದೆ, ಇವರೆಲ್ಲ ಯಹೂದಿಗಳಾ ಅಂತ. ಅವನು ನಕ್ಕ. ಅಲ್ಲಿ ಆಡುವವರಲ್ಲಿ ಹೆಚ್ಚಿನವರು ಯಹೂದಿಗಳೇ ಅಲ್ಲ. ಕ್ರಿಶ್ಚಿಯನ್ನರು, ಮುಸ್ಲಿಮರು, ದೇವರನ್ನೇ ನಂಬದವರು, ಆಫ್ರಿಕಾ ಮೂಲದವರು, ಬ್ರೆಜಿಲ್ ಕಡೆಯವರು. 1970ರಲ್ಲಿ ಹಳೆಯ ಬಾರ್ ಕೊಖ್ಬಾದ ವಾರಸುದಾರರಾಗಿ ಈ ಕ್ಲಬ್ಬು ಹುಟ್ಟಿದಾಗ ಬರ್ಲಿನ್ನಿನಲ್ಲಿ ಉಳಿದಿದ್ದ ಯಹೂದಿಗಳೇ ಕಡಿಮೆ, ತಂಡ ತುಂಬಿಸಬೇಕು ಅಂದರೂ ಹೊರಗಿನವರು ಬೇಕಾಗುತ್ತಿತ್ತು. ಅದು ಬರೀ ಅನಿವಾರ್ಯ ಅಂತ ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಎಲ್ಲರ ಎದೆಯ ಮೇಲೂ ಯಹೂದಿಗಳ ಗುರುತಾದ ದಾವೀದನ ನಕ್ಷತ್ರ ಇದೆ. ಅದನ್ನು ಹಾಕಿಕೊಂಡ ಮೇಲೆ ಎದುರು ತಂಡದ ಕಡೆಯಿಂದ ಬರುವ ಬೈಗುಳ ಎಲ್ಲರಿಗೂ ಸಮ. 2006ರಲ್ಲಿ ಅವರ ಎರಡನೇ ತಂಡದ ಮ್ಯಾಚಿನಲ್ಲಿ ಪ್ರೇಕ್ಷಕರು ಗ್ಯಾಸ್ ಚೇಂಬರಿನ ಹೆಸರು ಎತ್ತಿ ಕೂಗಿದರು, ಮಕಾಬಿಯವರು ಆಟ ಬಿಟ್ಟು ಹೊರಗೆ ನಡೆದರು. 2024ರಲ್ಲಿ ಅವರ ಹುಡುಗರ ತಂಡವನ್ನು ಮ್ಯಾಚ್ ಮುಗಿದ ಮೇಲೆ ಅಟ್ಟಿಸಿಕೊಂಡು ಹೋದದ್ದು ದೊಡ್ಡ ಸುದ್ದಿಯಾಗಿತ್ತು. ಅಟ್ಟಿಸುವವರು ಇವನ ಧರ್ಮ ಯಾವುದು ಅಂತ ನಿಲ್ಲಿಸಿ ಕೇಳುತ್ತಾರಾ? ಗೇಟಿನ ಪೊಲೀಸು ಯಾಕೆ ಅಂತ ಅಲ್ಲಿಗೆ ಗೊತ್ತಾಯಿತು.

2023ರ ಜೂನ್‌ನಲ್ಲಿ ಇದೇ ಕ್ಲಬ್ಬು ಬರ್ಲಿನ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಹೆಚ್ಚುವರಿ ಸಮಯದ ತನಕ ಎಳೆದು ಸ್ಪಾರ್ಟಾ ಲಿಶ್ಟೆನ್‌ಬೆರ್ಗ್ ತಂಡದ ಮೇಲೆ 3-1. ಇಲ್ಲಿನ ಏಣಿಯ ಚಂದ ಏನೆಂದರೆ ರಾಜ್ಯದ ಕಪ್ ಗೆದ್ದ ಸಣ್ಣ ಕ್ಲಬ್ಬಿಗೆ ಜರ್ಮನ್ ಕಪ್ಪಿನ ಮೊದಲ ಸುತ್ತಿನಲ್ಲಿ ಜಾಗ ಸಿಗುತ್ತದೆ, ಅಲ್ಲಿ ದೊಡ್ಡವರೇ ಸಣ್ಣವರ ಊರಿಗೆ ಬಂದು ಆಡಬೇಕು. ಹಾಗೆ ಯಹೂದಿ ಕ್ಲಬ್ಬೊಂದು ಮೊದಲ ಸಲ ಜರ್ಮನ್ ಕಪ್ಪಿನಲ್ಲಿ ಆಡಿತು. ಆಗಸ್ಟ್‌ನಲ್ಲಿ ಬುಂಡೆಸ್‌ಲೀಗಾದ ವೋಲ್ಫ್ಸ್‌ಬುರ್ಗ್ ತಂಡ ಬಂದು 6-0 ಹೊಡೆದು ಹೋಯಿತು. ಅದರಲ್ಲಿ ಪವಾಡ ಏನೂ ಆಗಲಿಲ್ಲ. ಐದನೇ ಮೆಟ್ಟಿಲಿಗೂ ಒಂದನೇ ಮೆಟ್ಟಿಲಿಗೂ ಇರುವ ಅಂತರ ಅಷ್ಟು.

ಜರ್ಮನ್ನರನ್ನು ಹೊಗಳಲಿಕ್ಕೆ ಇದನ್ನು ಬರೆಯುತ್ತಿಲ್ಲ. ಪೊಲೀಸ್ ನಿಲ್ಲಿಸಿ ಮಕ್ಕಳಿಂದ ಫುಟ್ಬಾಲ್ ಆಡಿಸುವ ಊರು ಹೊಗಳಿಸಿಕೊಳ್ಳುವ ಸ್ಥಿತಿಯಲ್ಲೂ ಇಲ್ಲ. ಆದರೆ ಕ್ಲಬ್ಬುಗಳು ತಾವು ಮಾಡಿದ್ದನ್ನು ತಾವೇ ಬರೆದು ಗೋಡೆಗೆ ಹಾಕುವುದನ್ನು ಇಲ್ಲಿ ನೋಡಿದ್ದೇನೆ. 1933ರಲ್ಲಿ ಯಾರನ್ನು ಹೊರಗೆ ಹಾಕಿದೆವು, ಅವರಿಗೆ ಆಮೇಲೆ ಏನಾಯಿತು, ಎಲ್ಲ. ತಡವಾಗಿಯೇ, ಎಷ್ಟೋ ದಶಕ ಸುಮ್ಮನಿದ್ದು ಆಮೇಲೆ. ಜರ್ಮನ್ ಫುಟ್ಬಾಲ್ ಸಂಸ್ಥೆ ಹಿರ್ಶ್ ಹೆಸರಿನ ಪ್ರಶಸ್ತಿ ಶುರು ಮಾಡಿದ್ದೇ 2005ರಲ್ಲಿ. ನಮ್ಮ ಊರಿನ ಯಾವ ಕ್ರಿಕೆಟ್ ಕಮಿಟಿಯ ಸ್ಮರಣ ಸಂಚಿಕೆಯಲ್ಲೂ ಪಟ್ಟಿಯಿಂದ ತೆಗೆದ ಹೆಸರು ಸಿಗುವುದಿಲ್ಲ. ಕೊಟ್ಟ ದೇಣಿಗೆ ಮಾತ್ರ ರೂಪಾಯಿ ಸಮೇತ ಸಿಗುತ್ತದೆ.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಮ್ಮ ಕೀಪರನ ಅಂಗಡಿಗೆ ಹೋಗಿದ್ದೆ. ಈಗ ಮೊಬೈಲ್ ರಿಪೇರಿ ಮಾಡುತ್ತಾನೆ. ಎದುರು ಕಂಬದಲ್ಲಿ ಅಂಥದ್ದೇ ಒಂದು ಬ್ಯಾನರ್, ಅದನ್ನು ಇಬ್ಬರೂ ನೋಡಿ ನೋಡದ ಹಾಗೆ ಮಾಡಿದೆವು. ಚಾ ಕುಡಿಯುತ್ತಾ ಮಕಾಬಿ ಕತೆ ಹೇಳಿದೆ, ಹಿರ್ಶ್ ಕತೆ ಹೇಳಿದೆ. ತಲೆ ಬಗ್ಗಿಸಿ ಯಾವುದೋ ಫೋನಿನ ಸ್ಕ್ರೂ ಬಿಚ್ಚುತ್ತಾ ಹೂಂ ಹೂಂ ಅಂದ. ಫಾಬಿಯನ್ ಕೈ ಮುರಿದುಕೊಂಡು ಗೋಲ್ ಹೊಡೆದದ್ದು ಹೇಳಿದಾಗ ಮಾತ್ರ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಹೌದಾ? ಮತ್ತೆ ಗೋಲಲ್ಲಿ ಯಾರು ನಿಂತದ್ದು?" ಅಂದ.

ಅದನ್ನು ನಾನು ಹುಡುಕಿರಲಿಲ್ಲ.

"ಅವನ ಗ್ಲೌಸ್ ಹಾಕಿಕೊಂಡವನು ಯಾರು ಅಂತ ನೋಡು ಮಾರಾಯ" ಅಂದು ಮತ್ತೆ ತಲೆ ಬಗ್ಗಿಸಿದ.