ಗಾಬರಿಯಾಗದಂತೆ ಕೋವಿ ಹೊರುವುದು ಹೇಗೆ?

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಪಕ್ಕದ ಒಂದು ಊರಿನಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. ಮೂರು ದಿನ ಸತತವಾಗಿ ತಿಳಿಸಾರು ಉಣ್ಣಿಸಿದ ಮೇಲೆ ಹುಡುಗನಿಗೆ ನಾಚಿಕೆಯಾಯಿತೋ ಏನೋ, ನಾಲ್ಕನೆಯ ದಿನ ಮಧ್ಯಾಹ್ನ ಬುರ್ರಿಟೊ ತಿನ್ನಿಸಲು ಕರೆದುಕೊಂಡು ಹೋದ. ಬುರ್ರಿಟೊ ಎಂದರೆ ಮತ್ತೇನಲ್ಲ. ಮೊರದಗಲದ ಚಪಾತಿಯೊಳಗೆ ಅನ್ನ, ಕಾಳು, ಪಲ್ಯ, ಚಟ್ನಿ ಎಲ್ಲವನ್ನೂ ಸುರಿದು, ಹಾಸಿಗೆ ಸುತ್ತಿದ ಹಾಗೆ ಸುತ್ತಿ ಕೊಡುತ್ತಾರೆ. ಇವನ್ನೆಲ್ಲ ಒಂದೊಂದಾಗಿ ಬಡಿಸಿಕೊಂಡು ತಿನ್ನುವುದರಲ್ಲೇ ಅರ್ಧ ಆಯುಷ್ಯ ಕಳೆದವರು ನಾವು.

ಸಾಲಿನಲ್ಲಿ ನನ್ನ ಮುಂದೆ ಒಬ್ಬ ನಿಂತಿದ್ದ. ಚಡ್ಡಿ, ಹವಾಯಿ ಚಪ್ಪಲಿ, ತಲೆಗೊಂದು ಟೋಪಿ. ಬೆನ್ನ ಮೇಲೆ ರೈಫಲ್.

ಕಪ್ಪು ರೈಫಲ್, ಪಟ್ಟಿಯಲ್ಲಿ ನೇತಾಡುತ್ತಿತ್ತು, ನಳಿಗೆ ಕೆಳಮುಖವಾಗಿತ್ತು. ಆತ ಟೊಮೆಟೊ ತೋರಿಸಲು ಎಡಕ್ಕೆ ವಾಲಿದರೆ ಅದು ನನ್ನ ಬಲ ಮೊಣಕಾಲನ್ನು ನೋಡುತ್ತಿತ್ತು. ಚೀಸ್ ತೋರಿಸಲು ಬಲಕ್ಕೆ ವಾಲಿದರೆ ಎಡ ಮೊಣಕಾಲನ್ನು. ಎಡಗಡೆಯದು ಹೋದ ವರ್ಷವಷ್ಟೇ ಡಾಕ್ಟರು ಹೊಸದಾಗಿ ಹಾಕಿಸಿಕೊಟ್ಟದ್ದು, ಅದರ ಬಿಲ್ಲು ಇನ್ನೂ ಕಣ್ಣಮುಂದಿದೆ. ದೇವರೇ, ಈತ ಚೀಸ್ ತಿನ್ನದಿರಲಿ ಎಂದು ಪ್ರಾರ್ಥಿಸುತ್ತ ನಿಂತೆ.

“ಮಾಮ, ಹಾಗೆ ದುರುಗುಟ್ಟಿ ನೋಡಬೇಡಿ” ಎಂದ ಅಳಿಯರಾಯ, ತುಟಿ ಅಲ್ಲಾಡಿಸದೆ.

“ನೋಡದೇ ಇದ್ರೆ ಹೇಗೋ? ನಾಲ್ಕು ಜನ ನೋಡ್ಲಿ ಅಂತಲೇ ಅಲ್ವೇನೋ ತಂದಿರೋದು?”

“ಅದು ಅವರ ಹಕ್ಕು.”

“ಹೆದರ್ಕೊಳ್ಳೋದು ನನ್ನ ಹಕ್ಕಲ್ವಾ?”

ಅಷ್ಟರಲ್ಲಿ ಕೌಂಟರಿನ ಹುಡುಗಿ ಆತನನ್ನು ಚಟ್ನಿ ಯಾವುದು ಎಂದು ಕೇಳಿದಳು. ಮೂರು ಬಗೆಯಿದ್ದವು. ಕೆಂಪನೆಯದನ್ನು ಕಂಡು ವೀರಪುರುಷ ಅರ್ಧ ಹೆಜ್ಜೆ ಹಿಂದೆ ಸರಿದ. ನಳಿಗೆ ನನ್ನ ಪ್ಯಾಂಟಿಗೆ ತಗುಲಿತು. “ಅಯ್ಯೋ, ಖಾರ ಬೇಡ, ಸಪ್ಪೆಯದು ಹಾಕಿ” ಎಂದ.

ಕಾರಿನಲ್ಲಿ ವಾಪಸು ಬರುವಾಗ ಅಳಿಯ ಕಾನೂನು ಪಾಠ ಮಾಡಿದ. ಟೆಕ್ಸಾಸಿನಲ್ಲಿ ರೈಫಲನ್ನು ಎಲ್ಲರಿಗೂ ಕಾಣುವಂತೆ ಹೊತ್ತು ತಿರುಗಲು ಲೈಸೆನ್ಸು ಗಿಯ್ಸೆನ್ಸು ಬೇಕಿಲ್ಲ. ಪಿಸ್ತೂಲಿನ ವಿಷಯದಲ್ಲಿ ಮಾತ್ರ ಭಾರಿ ಕಟ್ಟುನಿಟ್ಟಿತ್ತು. ಲೈಸೆನ್ಸ್ ಪಡೆದವನೂ ಅದನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಳ್ಳಬೇಕಿತ್ತು. 2016ರ ಜನವರಿ 1ರಿಂದ ಲೈಸೆನ್ಸ್ ಇದ್ದವರು ಸೊಂಟದಲ್ಲಿ ಕಾಣುವಂತೆ ಇಟ್ಟುಕೊಳ್ಳಬಹುದು ಎಂದಾಯಿತು, 2021ರ ಸೆಪ್ಟೆಂಬರಿನಿಂದ ಆ ಲೈಸೆನ್ಸೂ ಬೇಡವೆಂದಾಯಿತು. ಅಂದರೆ ಎಷ್ಟೋ ಕಾಲ ಅಲ್ಲಿ ನಿಂಬೆಹಣ್ಣನ್ನು ಜೇಬಿನಲ್ಲಿ ಬಚ್ಚಿಡಬೇಕಿತ್ತು, ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೋಗಬಹುದಿತ್ತು. ನಮ್ಮಲ್ಲಿ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಸಿಕ್ಕಿಬೀಳುತ್ತಾನೆ. ಟೆಕ್ಸಾಸಿನಲ್ಲಿ ಹೆಗಲು ಮುಟ್ಟಿ ನೋಡಿಕೊಂಡರೆ ಸಂವಿಧಾನ ಕೈಗೆ ತಗುಲುತ್ತದೆ.

ಚೂರಿಯ ಕಥೆ ಇನ್ನೂ ಚೆಂದ. 2017ರ ಸೆಪ್ಟೆಂಬರ್‌ವರೆಗೆ ಐದೂವರೆ ಇಂಚಿಗಿಂತ ಉದ್ದದ ಅಲಗಿನ ಚೂರಿ ಹಿಡಿದು ಬೀದಿಗಿಳಿಯುವಂತಿರಲಿಲ್ಲ. 1836ರಲ್ಲಿ ಅಲಾಮೊ ಕೋಟೆಯಲ್ಲಿ ಸತ್ತ ಜಿಮ್ ಬೋವಿ ಟೆಕ್ಸಾಸಿನ ಮಹಾಪುರುಷ. ಆತನ ಹೆಸರಿನ ಬೋವಿ ಚೂರಿ ಆಗ ನಿಷೇಧಿತ ವಸ್ತು! ರೈಫಲ್ ಹೊತ್ತು ಮಾರುಕಟ್ಟೆಗೆ ಹೋಗಿ ಕಲ್ಲಂಗಡಿ ತರಬಹುದಿತ್ತು, ಅದನ್ನು ಹೆಚ್ಚುವ ಚೂರಿ ಸೊಂಟದಲ್ಲಿದ್ದರೆ ಪೊಲೀಸು.

ನನಗೆ ನಿಜವಾಗಿ ತಲೆತಿರುಗಿದ್ದು ಮಾತ್ರ ಇನ್ನೊಂದು ಕಲಮಿನಿಂದ. ಬಂದೂಕು ಹೊರಬಹುದು, ಸರಿ. ಆದರೆ ಜನರಿಗೆ ಗಾಬರಿಯಾಗಲಿ ಎಂಬ ಲೆಕ್ಕಾಚಾರದಿಂದ ಅದನ್ನು ಪ್ರದರ್ಶಿಸಿದರೆ ಅಪರಾಧ. ಈ ಸಾಲನ್ನು ಬರೆದವನಿಗೆ ನಾನು ಕೈಮುಗಿಯುತ್ತೇನೆ. ಹಾಗಾದರೆ ಗಾಬರಿಯಾಗದ ಹಾಗೆ ರೈಫಲ್ ಹೊರುವುದು ಹೇಗೆ? ಮುಖದಲ್ಲಿ ಬೀಗರ ಮನೆಗೆ ಬಂದವನ ನಗು ಇರಬೇಕೆ? ನಳಿಗೆಗೆ ಒಂದು ಮೊಳ ಸೇವಂತಿಗೆ ಸುತ್ತಬೇಕೆ? ಕೈಯಲ್ಲಿ ಮಗುವಿನ ಬಲೂನು ಹಿಡಿದಿದ್ದರೆ ನಡೆಯುತ್ತದೆಯೆ? ಬೆನ್ನ ಮೇಲಿದ್ದರೆ ಹಕ್ಕು, ಕೈಗೆ ಬಂದರೆ ಗಾಬರಿ, ಹೆಗಲಿಗೆ ಆನಿಸಿದರೆ ಸುದ್ದಿ. ಈ ಮೂರರ ನಡುವಿನ ಅಂತರವೆಷ್ಟು? ನನ್ನ ಲೆಕ್ಕದಲ್ಲಿ ಒಂದು ಸೆಕೆಂಡೂ ಇಲ್ಲ.

“ಅದೇ ಮಾಮ, ಜನಕ್ಕೆ ರೂಢಿಯಾಗ್ಲಿ ಅಂತಲೇ ಅವರು ಹೊತ್ಕೊಂಡು ಓಡಾಡೋದು” ಎಂದ ಅಳಿಯ. ದಿನಾ ಕಂಡರೆ ಹೆದರಿಕೆ ಹೋಗುತ್ತದಂತೆ. ಇದರಲ್ಲಿ ತರ್ಕವಿಲ್ಲ ಎನ್ನಲಾರೆ. ಬೆಂಗಳೂರಿನವರಿಗೆ ಗುಂಡಿ ರೂಢಿಯಾಗಿಲ್ಲವೆ? ಅಲ್ಲಿಯವರಿಗೆ ಗುಂಡು.

ಈ ರೂಢಿ ಮಾಡಿಸುವ ಸೇವಾಕಾರ್ಯ ರಂಗೇರಿದ್ದು 2013–14ರಲ್ಲಿ. ಕಾಫಿ ಅಂಗಡಿಗೆ, ಬುರ್ರಿಟೊ ಅಂಗಡಿಗೆ ರೈಫಲ್ಲುಗಳ ಸಮೇತ ಗುಂಪುಗುಂಪಾಗಿ ಹೋಗಿ, ತಿಂದು, ಫೋಟೊ ತೆಗೆಸಿಕೊಂಡು ಬರುವುದು. ಮೊದಲು ಸ್ಟಾರ್‌ಬಕ್ಸ್, ಆಮೇಲೆ ಚಿಪೋಟ್ಲೆ, ಟಾರ್ಗೆಟ್ ಕಂಪನಿಗಳು ಒಬ್ಬರ ಹಿಂದೊಬ್ಬರಂತೆ ಕೈಮುಗಿದವು: ಸ್ವಾಮಿ, ನಿಷೇಧವೇನಲ್ಲ, ಒಂದು ವಿನಂತಿ ಅಷ್ಟೇ, ಮನೆಯಲ್ಲೇ ಇಟ್ಟು ಬನ್ನಿ. ಈ ನಡುವೆ ಬಂದೂಕಿನ ಪರವಾಗಿ ಜೀವ ಬಿಡುವ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ಗೂ ಇದು ಅತಿ ಎನಿಸಿತು. 2014ರ ಮೇ ಕೊನೆಯಲ್ಲಿ ಅದರ ಲಾಬಿ ವಿಭಾಗದ ಹೇಳಿಕೆಯೊಂದು, ರೈಫಲ್ ನೇತುಹಾಕಿಕೊಂಡು ಊಟಕ್ಕೆ ಹೋಗುವುದು ವಿಚಿತ್ರ, ನೋಡಿದವರಿಗೆ ಭಯ ಹುಟ್ಟಿಸುವಂಥದ್ದು ಎಂದಿತು. ಟೆಕ್ಸಾಸಿನ ಭಕ್ತರು ಕೆರಳಿ ಸದಸ್ಯತ್ವದ ಕಾರ್ಡುಗಳನ್ನು ಕತ್ತರಿಸತೊಡಗಿದರು. ನಾಲ್ಕೇ ದಿನದಲ್ಲಿ ಸಂಘ, ಅದು ನಮ್ಮ ಸಿಬ್ಬಂದಿಯೊಬ್ಬರ ವೈಯಕ್ತಿಕ ಅಭಿಪ್ರಾಯ ಎಂದುಬಿಟ್ಟಿತು. ಇದನ್ನು ಓದಿದಾಗ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ವಿಧಾನಸೌಧದ ಮೆಟ್ಟಿಲ ಮೇಲೆ ವಾರಕ್ಕೆರಡು ಸಲ ಕೇಳುವ ಮಾತು ಅಟ್ಲಾಂಟಿಕ್‌ನ ಆಚೆಗೂ ತಲುಪಿದೆ.

ಆ ವರ್ತಕರ ವಿನಂತಿಗೂ ಟೆಕ್ಸಾಸಿನಲ್ಲಿ ಒಂದು ವ್ಯಾಕರಣವಿದೆ. ಪಿಸ್ತೂಲು ತೋರಿಸಿಕೊಂಡು ಒಳಗೆ ಬರಬೇಡಿ ಎಂಬ ಫಲಕ ಕಾನೂನುಬದ್ಧವಾಗಬೇಕಾದರೆ ಅಕ್ಷರ ಕನಿಷ್ಠ ಒಂದು ಇಂಚು ಎತ್ತರವಿರಬೇಕು, ಹಿನ್ನೆಲೆಗೆ ಎದ್ದು ಕಾಣುವ ಬಣ್ಣವಿರಬೇಕು, ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಇರಬೇಕು. ಶೇ 60ರಷ್ಟು ಕನ್ನಡವಿದೆಯೇ ಎಂದು ನಾಮಫಲಕಗಳಿಗೆ ಟೇಪು ಹಿಡಿಯುವ ನಮ್ಮವರನ್ನು ಅಲ್ಲಿಗೆ ಡೆಪ್ಯುಟೇಷನ್ ಮೇಲೆ ಕಳಿಸಬಹುದು.

ಅಂಗಡಿ ಬಿಡಿ, ಶಾಸನಸಭೆಗೆ ಬನ್ನಿ. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ಶಾಸನಸಭಾ ಭವನದ ಬಾಗಿಲಲ್ಲಿ 2010ರಲ್ಲಿ ಲೋಹಶೋಧಕ ಯಂತ್ರಗಳನ್ನು ಇಟ್ಟರು. ಬಂದೂಕಿದೆಯೇ ಎಂದು ನೋಡಲು. ಆದರೆ ಪಿಸ್ತೂಲಿನ ಲೈಸೆನ್ಸ್ ಇದ್ದವರಿಗೆ ಬೇರೆಯೇ ಸಾಲು. ಕಾರ್ಡು ತೋರಿಸಿದರೆ ಯಂತ್ರದ ಗೋಜಿಲ್ಲದೆ ಸೀದಾ ಒಳಗೆ. ಶಾಲಾ ಮಕ್ಕಳು, ಅಹವಾಲು ತಂದ ಅಜ್ಜಿಯರು ಬೆಲ್ಟು ಬಿಚ್ಚಿ, ಕೈಚೀಲ ತೆರೆದು ನಿಲ್ಲಬೇಕು. ಲಾಬಿ ಮಾಡುವವರು, ವರದಿಗಾರರು ಸಾಲು ತಪ್ಪಿಸಿಕೊಳ್ಳಲೆಂದೇ ಹೋಗಿ ಲೈಸೆನ್ಸ್ ಮಾಡಿಸಿಕೊಂಡರು. ತಿರುಪತಿಯ 300 ರೂಪಾಯಿ ದರ್ಶನಕ್ಕೆ ಇಷ್ಟು ಒಳ್ಳೆಯ ಉಪಾಯ ಯಾರಿಗೂ ಹೊಳೆದಿಲ್ಲ.

ಮಿಷಿಗನ್‌ನದು ಒಂದು ಕೈ ಮೇಲೆ. 2020ರ ಏಪ್ರಿಲ್ 30ರಂದು ಕೊರೊನಾ ಲಾಕ್‌ಡೌನ್ ವಿರೋಧಿಸಿ ರೈಫಲ್ ಹೊತ್ತವರು ಲ್ಯಾನ್ಸಿಂಗ್‌ನ ಶಾಸನಸಭಾ ಭವನ ಹೊಕ್ಕು, ಸೆನೆಟ್ ಗ್ಯಾಲರಿಯಲ್ಲಿ ಸಾಲಾಗಿ ನಿಂತರು. ಕೆಳಗೆ ಕೆಲವು ಶಾಸಕರು ಗುಂಡುನಿರೋಧಕ ಅಂಗಿ ತೊಟ್ಟು ಕಲಾಪ ನಡೆಸಿದರು. ಗಮನಿಸಿ, ಆ ಭವನದೊಳಗೆ ಪ್ರತಿಭಟನೆಯ ಫಲಕಗಳನ್ನು ತರುವಂತಿರಲಿಲ್ಲ. ಹಳೆಯ ಕಟ್ಟಡ, ಗೋಡೆಯ ಬಣ್ಣ ಕೆದರುತ್ತದೆ! ಹೀಗಾಗಿ ರಟ್ಟು ಹೊರಗೆ, ರೈಫಲ್ ಒಳಗೆ. ತೆರೆದು ಬಂದೂಕು ಹೊರುವುದನ್ನು ಅಲ್ಲಿ ನಿಷೇಧಿಸಿದ್ದು 2021ರ ಜನವರಿಯಲ್ಲಿ, ವಾಷಿಂಗ್ಟನ್ನಿನಲ್ಲಿ ಸಂಸತ್ತಿಗೇ ಜನ ನುಗ್ಗಿದ ಮೇಲೆ. 2016ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ರಿಪಬ್ಲಿಕನ್ ಪಕ್ಷದ ಮಹಾಧಿವೇಶನ ನಡೆದಾಗಲೂ ಇದೇ ಜಾಣತನ. ಸಭಾಂಗಣದ ಸುತ್ತಲಿನ ಬೀದಿಗಳಿಗೆ ಟೆನಿಸ್ ಚೆಂಡು ತರಬಾರದು, ರೈಫಲ್ ತರಬಹುದು. ಚೆಂಡು ಎಸೆದರೆ ಯಾರಿಗಾದರೂ ತಗುಲೀತು ಎಂಬ ಕಾಳಜಿ.

ಇಷ್ಟೆಲ್ಲ ನೋಡಿ, ಅಮೆರಿಕದವರಿಗೆ ಬಂದೂಕು ಕಂಡರೆ ಭಯವೇ ಇಲ್ಲ ಎಂದುಕೊಂಡೀರಿ. ಇದೆ. ಹೆಗಲು ಯಾರದು ಎಂಬುದರ ಮೇಲೆ ಹೋಗುತ್ತದೆ. 1967ರ ಮೇ 2ರಂದು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊದಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕಪ್ಪು ಯುವಕ ಯುವತಿಯರು ತುಂಬಿದ ಬಂದೂಕು ಹಿಡಿದು ಶಾಸನಸಭಾ ಭವನದೊಳಕ್ಕೆ ನಡೆದರು. ಆಗಿನ ಕಾನೂನಿನಲ್ಲಿ ಹಾಗೆ ಹಿಡಿದು ಓಡಾಡಲು ಅಡ್ಡಿಯಿರಲಿಲ್ಲ. ತಮ್ಮ ಬೀದಿಗಳಲ್ಲಿ ಪೊಲೀಸರು ಏನು ಮಾಡುತ್ತಾರೆಂದು ಕೋವಿ ಹಿಡಿದು ಹಿಂಬಾಲಿಸಿ ನೋಡುತ್ತಿದ್ದ ಗುಂಪು ಅದು. ಅದನ್ನು ನಿಲ್ಲಿಸಲೆಂದೇ ತಂದ ಮಸೂದೆಯನ್ನು ವಿರೋಧಿಸಲು ಬಂದಿದ್ದರು. ರೂಢಿಯಾಗುವವರೆಗೆ ಯಾರೂ ಕಾಯಲಿಲ್ಲ. ತುಂಬಿದ ಬಂದೂಕನ್ನು ಸಾರ್ವಜನಿಕವಾಗಿ ಹಿಡಿಯಬಾರದೆಂಬ ಮಲ್‌ಫರ್ಡ್ ಕಾಯ್ದೆ ಅದೇ ವರ್ಷ ಬಂತು, ರೈಫಲ್ ಅಸೋಸಿಯೇಷನ್ ಬೆಂಬಲಿಸಿತು, ಗವರ್ನರ್ ಸಹಿ ಹಾಕಿದರು. ಗವರ್ನರ್ ಹೆಸರು ರೊನಾಲ್ಡ್ ರೇಗನ್.

ಅರ್ಧ ಶತಮಾನ ಕಳೆದು ಡಲ್ಲಾಸಿಗೇ ಬರೋಣ. 2016ರ ಜುಲೈ 7ರ ರಾತ್ರಿ ಪೊಲೀಸ್ ದೌರ್ಜನ್ಯದ ವಿರುದ್ಧದ ಮೆರವಣಿಗೆಯಲ್ಲಿ ಇಪ್ಪತ್ತು-ಮೂವತ್ತು ಮಂದಿ ರೈಫಲ್ ಹೊತ್ತು ನಡೆಯುತ್ತಿದ್ದರು. ಯಾರೋ ಗುಂಡು ಹಾರಿಸತೊಡಗಿದ. ಐವರು ಪೊಲೀಸರು ಸತ್ತರು. ಅಪಾಯಕ್ಕೆ ಒದಗಬೇಕಿದ್ದ ಆ ಇಪ್ಪತ್ತು-ಮೂವತ್ತು ಮಂದಿ ಎಲ್ಲರಂತೆ ಓಡಿದರು. ನಾನಾದರೂ ಓಡುತ್ತಿದ್ದೆ, ಅದು ತಪ್ಪಲ್ಲ. ಆದರೆ ಬೆನ್ನ ಮೇಲೆ ರೈಫಲ್ ಇಟ್ಟುಕೊಂಡು ಓಡುವವರಲ್ಲಿ ಕೊಂದವನು ಯಾರು, ಹೆದರಿದವನು ಯಾರು ಎಂದು ಪೊಲೀಸರು ಹೇಗೆ ಗುರುತಿಸಬೇಕು? ಒಬ್ಬ ಕಪ್ಪು ಯುವಕನ ಫೋಟೊವನ್ನು ಶಂಕಿತ ಎಂದು ಲೋಕಕ್ಕೆಲ್ಲ ಹಂಚಿದರು. ಆತ ತನ್ನ ರೈಫಲನ್ನು ತಾನಾಗಿ ಪೊಲೀಸರ ಕೈಗೆ ಒಪ್ಪಿಸಿದ್ದ. ಫೋಟೊ ಮಾತ್ರ ಓಡುತ್ತಲೇ ಇತ್ತು.

ಪ್ರಯೋಗಕ್ಕೆ ಹೊರಟ ಒಬ್ಬ ‘ವಿಜ್ಞಾನಿ’ಯ ಕಥೆ ಹೇಳಿ ಮುಂದೆ ಹೋಗುತ್ತೇನೆ. 2019ರ ಆಗಸ್ಟ್ 3ರಂದು ಟೆಕ್ಸಾಸಿನ ಎಲ್ ಪಾಸೊದ ವಾಲ್‌ಮಾರ್ಟ್‌ನಲ್ಲಿ ಒಬ್ಬ ರೈಫಲ್ಲಿನಿಂದ 23 ಜನರ ಪ್ರಾಣ ತೆಗೆದ. ಐದೇ ದಿನದ ಮೇಲೆ ಮಿಸ್ಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇಪ್ಪತ್ತರ ಹುಡುಗನೊಬ್ಬ ಗುಂಡುನಿರೋಧಕ ಕವಚ ತೊಟ್ಟು, ಎದೆಗೆ ರೈಫಲ್ ಕಟ್ಟಿಕೊಂಡು ಇನ್ನೊಂದು ವಾಲ್‌ಮಾರ್ಟ್ ಹೊಕ್ಕ. ತಳ್ಳುಗಾಡಿ ತಳ್ಳುತ್ತ, ಫೋನಿನಲ್ಲಿ ತನ್ನನ್ನೇ ಚಿತ್ರೀಕರಿಸುತ್ತ ನಡೆದ. ಜನ ಬಾಗಿಲು ಸಿಕ್ಕತ್ತ ಓಡಿದರು. ರಜೆಯಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿಯೊಬ್ಬ ಪಿಸ್ತೂಲು ತೋರಿಸಿ ಹಿಡಿದು ನಿಲ್ಲಿಸಿದ. ಯಾಕಪ್ಪಾ ಎಂದರೆ, ಈ ಅಂಗಡಿಯವರು ನನ್ನ ಸಾಂವಿಧಾನಿಕ ಹಕ್ಕನ್ನು ಗೌರವಿಸುತ್ತಾರೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಬಂದಿದ್ದೆ ಎಂದನಂತೆ. ಗಾಬರಿಯಾಗಲಿ ಎಂಬ ಲೆಕ್ಕಾಚಾರ ಇರಲಿಲ್ಲ. ಲೆಕ್ಕಾಚಾರವೇ ಇರಲಿಲ್ಲ.

ನಮ್ಮವರೇನು ಕಮ್ಮಿ ಎಂದು ನೀವು ಕೇಳಬಹುದು. ಕಮ್ಮಿಯಿಲ್ಲ, ಆದರೆ ನಾವು ಸೋಮಾರಿಗಳು. ಭಾರ ಹೊರುವುದು ನಮಗಾಗದು. ನಮ್ಮ ದೊಡ್ಡಮನುಷ್ಯ ಬಂದೂಕು ಹೊರುವುದಿಲ್ಲ, ಬಂದೂಕು ಹೊರುವವನನ್ನು ಇಟ್ಟುಕೊಳ್ಳುತ್ತಾನೆ. ಗೃಹಪ್ರವೇಶಕ್ಕೆ ಗನ್‌ಮ್ಯಾನ್ ಇಲ್ಲದೆ ಬಂದರೆ ಪಾಪ, ಈ ಸಲ ಟಿಕೆಟ್ ಸಿಗಲಿಲ್ಲವಂತೆ ಎಂದು ಮಾತಾಡಿಕೊಳ್ಳುತ್ತಾರೆ. ಗನ್‌ಮ್ಯಾನ್ ಬಾಗಿಲಲ್ಲಿ ಬಾಳೆಎಲೆಯ ಊಟಕ್ಕೆ ಎರಡನೇ ಪಂಕ್ತಿಗಾಗಿ ಕಾಯುತ್ತಾನೆ. ಬಂದೂಕು ಗೋಡೆಗೆ ಒರಗಿರುತ್ತದೆ.

ಆ ಮಧ್ಯಾಹ್ನ ಅಳಿಯ ಕದ್ದುಮುಚ್ಚಿ ತೆಗೆದ ಫೋಟೊವನ್ನು ವಿರಾಜಪೇಟೆಯ ನನ್ನ ಹಳೆಯ ಗೆಳೆಯನಿಗೆ ಕಳಿಸಿದ್ದೆ. ಕೊಡವ. ಕೋವಿಗೆ ಲೈಸೆನ್ಸ್ ಬೇಡದ ಕುಲ, 1861ರಿಂದ ಬಂದ ವಿನಾಯಿತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಒರೆಸಿ, ತೋಕ್ ಪೂ ಎಂಬ ಹೂ ಮುಡಿಸಿ, ದೇವರ ಪಕ್ಕ ಇಟ್ಟು ಪೂಜೆ. ಆಮೇಲೆ ಬಯಲಿನಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಉಳಿದ ದಿನ ಅದು ಗೋಡೆಯ ಮೇಲೆ. ಚುನಾವಣೆ ಬಂದರೆ ಠಾಣೆಯಲ್ಲಿ ಠೇವಣಿ ಇಡು ಎನ್ನುತ್ತಾರೆಂದು ಅವನಿಗೆ ಇವತ್ತಿಗೂ ಸಿಟ್ಟು. ತೋಟಕ್ಕೆ ಬರುವ ಕಾಡುಹಂದಿಗೆ ನೀತಿಸಂಹಿತೆ ಗೊತ್ತಾ ಎಂದು ಕೇಳುತ್ತಾನೆ.

ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದ. ಹಕ್ಕು, ಸಂವಿಧಾನ, ಬಂದೂಕಿನ ಹಕ್ಕು ಕೊಡುವ ಅದರ ಎರಡನೇ ತಿದ್ದುಪಡಿ ಎಂದು ಅಳಿಯ ಕಲಿಸಿದ್ದನ್ನೆಲ್ಲ ನಾನು ಒಪ್ಪಿಸಿದೆ. ಅವನು ಕೇಳಿದ್ದು ಒಂದೇ.

“ಅದೆಲ್ಲ ಇರ್ಲಿ ಮಾರಾಯಾ, ಆ ಹೋಟ್ಲಿಗೆ ಹಂದಿ ಬರ್ತದಾ?”

“ಬರ್ತದೆ” ಎಂದೆ, “ಆದರೆ ಬೆಂದು ಬರ್ತದೆ.”

“ಮತ್ತೆ ಕೋವಿ ಯಾಕೆ?”