ಮುಳುಗಡೆ ಊರಿನ ಇಂಗ್ಲಿಷು

ನಮ್ಮ ಅಕ್ಕನ ಮಗಳು ವಿಜಯಪುರದಲ್ಲಿ ಪಿಜಿಯಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ನಾಲ್ಕು ದಿನ ಬಾಗಲಕೋಟೆಗೆ ನಮ್ಮ ಮನೆಗೆ ಬಂದಿದ್ದಳು. ಜೊತೆಗೆ ಇಟ್ಟಿಗೆಯಷ್ಟು ದಪ್ಪದ ಒಂದು ಇಂಗ್ಲಿಷ್ ಪದಗಳ ಪುಸ್ತಕ. 3,000 ಶಬ್ದ, ಎ ಯಿಂದ ಝಡ್‌ವರೆಗೆ. ನಸುಕಿನಲ್ಲೇ ಎದ್ದು ಕಟ್ಟೆ ಮೇಲೆ ಕೂತು "ಅಬೇಟ್ ಅಂದ್ರ ಕಡಿಮೆಯಾಗು, ಅಬ್‌ಹಾರ್ ಅಂದ್ರ ಹೇಸು" ಅಂತ ಬಾಯಿಪಾಠ. ಪುಸ್ತಕ ಇಸಿದುಕೊಂಡು ತಿರುವಿ ನೋಡಿದೆ. ಎ, ಬಿ ಹಾಳೆಗಳು ಬೆರಳು ಉಜ್ಜಿ ಉಜ್ಜಿ ಕಪ್ಪಾಗಿವೆ. ಡಿ ದಾಟಿದ ಮೇಲೆ ಅಂಗಡಿಯಿಂದ ತಂದ ಹಾಗೇ ಇದೆ! 20 ವರ್ಷದ ಹಿಂದೆ ನನ್ನ ಪುಸ್ತಕವೂ ಥೇಟ್ ಹೀಗೇ ಇತ್ತು.

"ಎಮರ್ಜೆನ್ಸಿ ಅಂದ್ರ ಏನವಾ?" ಎಂದೆ.

"ಅಷ್ಟೂ ಗೊತ್ತಿಲ್ಲ ಅನ್ಕೊಂಡೀರೇನ್ರೀ ಮಾಮಾ? ತುರ್ತು."

"ಸಬ್‌ಮರ್ಜ್?"

"ಮುಳುಗೋದು."

ಇದನ್ನು ಬಾಗಲಕೋಟೆಯವರಿಗೆ ಯಾವ ಕೋಚಿಂಗಿನವರೂ ಕಲಿಸಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಊರು ಬಿಟ್ಟುಕೊಟ್ಟು ನವನಗರದ ಸೆಕ್ಟರ್‌ಗಳಿಗೆ ಬಂದವರು ನಾವು. 'ಮುಳುಗಡೆ' ಅನ್ನೋ ಶಬ್ದ ನಮ್ಮ ಮನೆ ಕಾಗದಪತ್ರದಲ್ಲೇ ಇದೆ. ಜಲಾಶಯದ ಮಟ್ಟ 519.60 ಮೀಟರ್, ಏರಿಸಬೇಕು ಅಂತಿರೋದು 524.256 ಮೀಟರಿಗೆ. ಇಲ್ಲಿ ಚಹಾದಂಗಡಿಯಲ್ಲಿ ಕೂತವರೂ ದಶಾಂಶದ ಸಮೇತ ಹೇಳುತ್ತಾರೆ. ಯಾರೂ ಬಾಯಿಪಾಠ ಮಾಡಿದ್ದಲ್ಲ. ಹೊಲ, ಮನೆ ಆ ಅಂಕಿಗೆ ಕಟ್ಟಿಕೊಂಡಿವೆ, ಅದಕ್ಕೇ ಮರೆಯೋದಿಲ್ಲ.

ಇಂಗ್ಲಿಷ್ ಶಬ್ದಕ್ಕೂ ಹೀಗೆ ಕಟ್ಟಿಕೊಳ್ಳೋಕೆ ಒಂದು ಗೂಟ ಬೇಕು ಅನ್ನೋದು ನನ್ನ ವಾದ. ಲ್ಯಾಟಿನ್‌ನಲ್ಲಿ 'ಮರ್ಗೆರೆ' ಅಂದರೆ ಅದ್ದು, ಮುಳುಗಿಸು. 'ಸಬ್' ಅಂದರೆ ಕೆಳಗೆ, ಅದಕ್ಕೆ ಸಬ್‌ಮರ್ಜ್. 'ಇ' ಅಂದರೆ ಹೊರಗೆ. ನೀರಿನಿಂದ ಮೇಲೆದ್ದು ಬಂದರೆ ಎಮರ್ಜ್. ಎಣಿಸದೇ ಇದ್ದದ್ದು ದಿಢೀರನೆ ತಲೆ ಎತ್ತಿದರೆ ಎಮರ್ಜೆನ್ಸಿ. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಮರ್ಜ್ ಆಯ್ತಲ್ಲ, ಅದೂ ಈ ಮನೆತನದ್ದೇ. ಒಂದರ ಬೋರ್ಡು ಮುಳುಗಿತು. ಬಚ್ಚಲಲ್ಲಿ ಬಕೆಟ್ಟಿಗೆ ಇಳಿಬಿಡೋ ರಾಡ್ ಇದೆಯಲ್ಲ, ಅದರ ಡಬ್ಬಿ ಮೇಲೆ 'ಇಮ್ಮರ್ಶನ್' ಅಂತ ಇರುತ್ತದೆ. ಅಲ್ಲಿಗೆ ಐದು ಶಬ್ದ ಆಯ್ತು, ಪುಸ್ತಕ ಮುಟ್ಟದೇ.

"ಹಂಗಾರ ಆ ರಾಡೂ ಮುಳುಗಡೆ ಸಂತ್ರಸ್ತನ ಅನ್ರೀ ಮಾಮಾ" ಎಂದಳು. ಆಗ ನನಗೆ ಧೈರ್ಯ ಬಂತು.

ಮರುದಿನ ಕೂಡಲಸಂಗಮಕ್ಕೆ ಹೋಗಿದ್ದೆವು. ಕೃಷ್ಣಾ, ಮಲಪ್ರಭಾ ಕೂಡುವ ಜಾಗ. ಇಂಗ್ಲಿಷಿನಲ್ಲಿ ಕಾನ್‌ಫ್ಲುಯೆನ್ಸ್. 'ಕಾನ್' ಅಂದರೆ ಕೂಡಿ, 'ಫ್ಲು' ಅಂದರೆ ಹರಿ. ಮಾತು ತಡೆಯಿಲ್ಲದೆ ಹರಿದರೆ ಫ್ಲುಯೆಂಟ್. ದುಡ್ಡು ಹರಿದು ಬಂದರೆ ಅಫ್ಲುಯೆಂಟ್. ತುಂಬಿ ಮೇಲೆ ಚೆಲ್ಲುವಷ್ಟಾದರೆ ಸೂಪರ್‌ಫ್ಲೂಅಸ್, ಬೇಕಾಗಿಲ್ಲದ್ದು. ಕಾರ್ಖಾನೆಯಿಂದ ಹೊರಗೆ ಹರಿಯೋ ಗಲೀಜು ನೀರು ಎಫ್ಲುಯೆಂಟ್. ಒಂದೇ ಅಕ್ಷರಕ್ಕೆ ಸಿರಿವಂತ ಹೋಗಿ ಚರಂಡಿ ಆದ, ನೋಡಿ.

ಅಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ಬಾವಿಯಂಥ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಹೋಗಬೇಕು. ಒಳಗೆ ತಂಪು, ಗೋಡೆಯ ಆಚೆ ಹಿನ್ನೀರು. ಅಲ್ಲೇ ನಿಂತು ಅವಳಿಗೆ 'ಸರೌಂಡ್' ಕತೆ ಹೇಳಿದೆ. ಎಲ್ಲರೂ ಅದನ್ನು 'ರೌಂಡ್' ಅಂದರೆ ದುಂಡು ಅನ್ನೋದರಿಂದ ಬಂದದ್ದು ಅಂದುಕೊಳ್ಳುತ್ತಾರೆ. ಅಲ್ಲ. 'ಉಂಡಾ' ಅಂದರೆ ಲ್ಯಾಟಿನ್‌ನಲ್ಲಿ ಅಲೆ. ಸರೌಂಡ್ ಅಂದರೆ ಮೊದಲು ನೀರು ಉಕ್ಕಿ ಆವರಿಸುವುದು ಅಂತಲೇ ಇತ್ತು. 'ರೌಂಡ್' ಜೊತೆ ಗೊಂದಲವಾಗಿ ಆಮೇಲೆ ಸುತ್ತುವರಿ ಅನ್ನೋ ಅರ್ಥ ಬಂತು. ಅಬಂಡೆಂಟ್, ರಿಡಂಡೆಂಟ್, ಪ್ರವಾಹದ ಇನಂಡೇಟ್, ಎಲ್ಲ ಆ ಅಲೆಯ ಮಕ್ಕಳೇ. ಸರೌಂಡ್ ಇನ್ನು ಅವಳಿಗೆ ಮರೆಯಲ್ಲ ಅಂತ ನನ್ನ ನಂಬಿಕೆ.

ಕನ್ನಡ ಮೀಡಿಯಂ ಹುಡುಗರು ಇದನ್ನೆಲ್ಲ ಕೇಳಿ ಹೆದರಬೇಕಿಲ್ಲ. ನೋಡು-ನೋಟ, ಆಡು-ಆಟ, ಓಡು-ಓಟ, ಕೂಡು-ಕೂಟ. ನಾವು ತೊಟ್ಟಿಲಿಂದ ಮಾಡಿಕೊಂಡು ಬಂದದ್ದೇ ಇದು. ಇನ್ನೊಂದು ಮಾತು. ಮನೆಯಲ್ಲಿ ಕುಡಿಯೋದು ನೀರು, ಇಲಾಖೆ ಬೋರ್ಡಿನಲ್ಲಿ ಮಾತ್ರ 'ಜಲಸಂಪನ್ಮೂಲ', ಅಲ್ವಾ? ಇಂಗ್ಲಿಷಿನಲ್ಲೂ ಹಂಗೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚು ಆಸ್ಥಾನದ ಮಾತಾಯ್ತು. ಓದಿದವರ ಭಾಷೆಯಾಗಿ ಲ್ಯಾಟಿನ್ ಮೊದಲೇ ಇತ್ತು. ನಮ್ಮನ್ನು ಹೆದರಿಸೋ ಶಬ್ದಗಳಲ್ಲಿ ಜಾಸ್ತಿ ಪಾಲು ಈ 'ಜಲ' ಜಾತಿಯವೇ. 'ನೀರು' ಜಾತಿಯವು ನಮಗೆ ಹೇಗೂ ಬರುತ್ತವೆ.

ಹಾಗಂತ ಮನೆತನ ಗೊತ್ತಾದರೆ ಎಲ್ಲ ಗೊತ್ತಾಯ್ತು ಅನ್ಕೋಬೇಡಿ. 'ಪೆಡ್' ಅಂದರೆ ಕಾಲು. ಪೆಡಲ್, ಪೆಡೆಸ್ಟ್ರಿಯನ್ ಸರಿ. ಎತ್ತಿನ ಕಾಲಿಗೆ ಹಗ್ಗ ತೊಡರಿದ ಹಾಗೆ ಅಡ್ಡಿಪಡಿಸೋದು ಇಂಪೀಡ್, ತೊಡರು ಬಿಡಿಸಿ ಫೈಲು ಓಡಿಸೋದು ಎಕ್ಸ್‌ಪೆಡೈಟ್. ಆದರೆ ಪೀಡಿಯಾಟ್ರಿಕ್ಸ್ ಕಾಲಿನ ಚಿಕಿತ್ಸೆ ಅಲ್ಲ! ಅದು ಗ್ರೀಕಿನ ಮಗು. ಅಕ್ಷರ ಒಂದೇ ಥರ ಕಂಡರೂ ಬೇರೆ ಮನೆ.

ಅರ್ಥ ಹೊರಳಿಕೊಂಡ ಮಕ್ಕಳೂ ಇರುತ್ತಾರೆ. ನಾನು ಮೊದಲು ಕೆಲಸ ಮಾಡಿದ ಕಡೆ ಮೇಲಿನ ಸಾಹೇಬರಿಗೆ ಪತ್ರ ಬರೆಯುವಾಗ, ಆಫೀಸು, ಆಫೀಸರು, ಅಫಿಶಿಯಲ್ ಗೊತ್ತಿದೆಯಲ್ಲ, ಇನ್ನೂ ಸ್ವಲ್ಪ ತೂಕ ಇರಲಿ ಅಂತ "ತಮ್ಮ ಆಫಿಶಿಯಸ್ ಪತ್ರಕ್ಕೆ ಧನ್ಯವಾದ" ಅಂತ ಇಂಗ್ಲಿಷಿನಲ್ಲಿ ಬರೆದಿದ್ದೆ. ಆಫಿಶಿಯಸ್ ಅಂದರೆ ಕರೆಯದಿದ್ದರೂ ಬಂದು ಮೂಗು ತೂರಿಸಿ ಅಧಿಕಾರ ಮಾಡೋ ಸ್ವಭಾವ. ಸಾಹೇಬರು ಕರೆಸಿ ಡಿಕ್ಷನರಿ ಕೈಗೆ ಕೊಟ್ಟು "ಓದ್ರಿ, ಜೋರಾಗಿ ಓದ್ರಿ" ಅಂದರು. ನಿಂತೇ ಓದಿದೆ.

ಅದಕ್ಕೇ ಅವಳಿಗೆ ಹೇಳಿದ್ದು ಇಷ್ಟೇ: ವಾರಕ್ಕೆ ಒಂದೇ ಮನೆತನ ಹಿಡಿ. ಒಂದೊಂದು ಶಬ್ದಕ್ಕೂ ಇಂಗ್ಲಿಷ್ ಪೇಪರಿನಿಂದ ಒಂದು ಪೂರ್ತಿ ಸಾಲು ಬರೆದುಕೋ, ಕನ್ನಡ ಅರ್ಥ ಒಂದೇ ಸಾಲದು. ಪೇಪರಿನಲ್ಲಿ ಸಿಗದ ಶಬ್ದವನ್ನು ಸದ್ಯಕ್ಕೆ ಬಿಟ್ಟುಬಿಡು.

ನಿನ್ನೆ ವಿಜಯಪುರದಿಂದ ವಾಟ್ಸಾಪ್ ಬಂತು. ನೋಟ್‌ಬುಕ್ಕಿನ ಫೋಟೋ. ಮೇಲೆ 'ಮುಳುಗಡೆ' ಅಂತ ಕೆಂಪು ಪೆನ್ನಿನಲ್ಲಿ, ಕೆಳಗೆ ಆರು ಶಬ್ದ. ನಾನು ಹೇಳಿದ್ದು ಐದು. ಆರನೆಯದು 'ಸಬ್‌ಮರ್ಸಿಬಲ್'. ಪಕ್ಕದಲ್ಲಿ ಬರೆದಿದ್ದಾಳೆ: "ನಮ್ಮ ಹೊಲದ ಬೋರ್‌ವೆಲ್ ಮೋಟಾರು."